ಅರಗಿನ ಮನೆಯೂ ಅಗಸೆಯ ಎಣ್ಣೆಯೂ



ಮನೆಯನ್ನು ಕಣ್ಣಿನಿಂದ ಮಾತ್ರವಲ್ಲ, ಮೂಗಿನಿಂದಲೂ ಪರೀಕ್ಷಿಸಬೇಕೆಂಬ ಬುದ್ಧಿಯನ್ನು ಮೊದಲು ತೋರಿದವನು ಧರ್ಮರಾಯನಿರಬೇಕು. ವಾರಣಾವತದಲ್ಲಿ ಪುರೋಚನ ಕಟ್ಟಿಸಿದ ಹೊಸ ಅರಮನೆಗೆ ಪಾಂಡವರು ಕಾಲಿಟ್ಟಾಗ ಅದರ ಅಂದಚಂದಕ್ಕೆ ಯಾರಾದರೂ ಮರುಳಾಗಬೇಕಿತ್ತು. ಧರ್ಮರಾಯ ಮಾತ್ರ ಮೂಸಿ ನೋಡಿ, ಇಲ್ಲಿ ಕೊಬ್ಬು, ತುಪ್ಪ, ಅರಗುಗಳ ವಾಸನೆಯಿದೆಯೆಂದು ಭೀಮನಿಗೆ ಹೇಳಿದನೆಂದು ವ್ಯಾಸಭಾರತದ ಆದಿಪರ್ವ ತಿಳಿಸುತ್ತದೆ. ವಿದುರನ ಸೂಚನೆ ಮೊದಲೇ ಇತ್ತು, ನಿಜ. ಆದರೆ ಆ ಸೂಚನೆಯನ್ನು ಖಚಿತಪಡಿಸಿದ್ದು ಮೂಗು. ಇಂದು ನಾನು ಮಾತನಾಡಹೊರಟಿರುವುದು ಬೆಂಕಿಯ ಅರಮನೆಯ ವಿಷಯವನ್ನಲ್ಲ. ಸಾಧಾರಣ ಸಂಬಳದ, ಸಾಧಾರಣ ಪಿಂಚಣಿಯ ಜನ ತಮ್ಮ ಮನೆಯ ಒಂದೆರಡು ಕೋಣೆಗಳಿಗೆ ಮರದ ನೆಲ ಹಾಸಿಸಬೇಕೆಂದಾಗ ಎದುರಾಗುವ ಪ್ರಶ್ನೆಯನ್ನು. ಆದರೂ ಆ ಮೂಗಿನ ಪ್ರಸಂಗ ನನ್ನನ್ನು ಬಿಡದು. ಏಕೆಂದರೆ ನನ್ನ ಕಥೆಯೂ ಮೂಗಿನಿಂದಲೇ ಆರಂಭವಾಯಿತು.

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಪ್ರಯೋಗಾಲಯವೆಂಬ ದೊಡ್ಡ ಹೆಸರು ಹೊತ್ತ ಸಣ್ಣ ಕೋಣೆಯ ಕಪಾಟಿನಲ್ಲಿ ಒಂದು ಗಾಜಿನ ಭರಣಿ, ಅದರೊಳಗೆ ಫಾರ್ಮಲಿನ್ನಿನಲ್ಲಿ ಮುಳುಗಿದ ಒಂದು ಕಪ್ಪೆ. ನಾನು ಆ ಶಾಲೆಗೆ ಸೇರುವ ಮುನ್ನವೇ ಅದಿತ್ತು. ನಾನು ನಿವೃತ್ತನಾದಾಗಲೂ ಅದೇ ಭಂಗಿಯಲ್ಲಿ ನನ್ನನ್ನು ಬೀಳ್ಕೊಟ್ಟಿತು. ಮುಚ್ಚಳ ತೆರೆದೊಡನೆ ಕಣ್ಣಿಗೆ ಚುಚ್ಚಿ, ಮೂಗಿನ ಬುಡಕ್ಕೇರಿ, ಗಂಟಲನ್ನು ಕೆರೆಯುವ ಆ ವಾಸನೆಯನ್ನು ಒಮ್ಮೆ ಉಂಡವನು ಮರೆಯಲಾರ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಪುಣೆಯಲ್ಲಿರುವ ಮಗನ ಹೊಸ ಮನೆಗೆ ಹೋಗಿದ್ದೆ. ಮಲಗುವ ಕೋಣೆಗೆ ಅವನು ಮರದ ನೆಲ ಹಾಕಿಸಿದ್ದ. ಜೇನುಬಣ್ಣ, ಎಳೆಎಳೆಯಾದ ಗೆರೆಗಳು, ಅಲ್ಲಲ್ಲಿ ಗಂಟುಗಳು. ನೋಡಿದರೆ ಹಳೆಯ ತೇಗವೆಂದೇ ಅನ್ನಬೇಕು. ಮಧ್ಯಾಹ್ನವೆಲ್ಲ ಮುಚ್ಚಿದ್ದ ಆ ಕೋಣೆಯ ಬಾಗಿಲನ್ನು ಸಂಜೆ ತೆರೆದು ಒಳಗೆ ಕಾಲಿಟ್ಟೆ. ಎದುರಿಗೆ ಬಂದದ್ದು ನನ್ನ ಶಾಲೆಯ ಕಪ್ಪೆ! ಅಂದರೆ ಅದರ ಭರಣಿಯ ವಾಸನೆ. ಭರಣಿಯಷ್ಟು ಘಾಟಿಲ್ಲ, ಆದರೆ ಅದೇ. ಅದೇ ಕೋಣೆಯಲ್ಲಿ ಆರು ವರ್ಷದ ಮೊಮ್ಮಗ ರಾತ್ರಿ ಮಲಗುತ್ತಿದ್ದ, ಅವನಿಗೆ ಉಬ್ಬಸ. ಆ ನೆಲವೇ ಅವನ ಉಬ್ಬಸಕ್ಕೆ ಕಾರಣವೆಂದು ನಾನು ಹೇಳಲಾರೆ. ದೊಡ್ಡ ಊರಿನ ಹೊಗೆಯಿದೆ, ಧೂಳಿದೆ, ವಂಶದ ಗುಣವಿದೆ; ವೈದ್ಯರೂ ಒಂದನ್ನೇ ಬೆರಳಿಟ್ಟು ತೋರಿಸಲಿಲ್ಲ. ಆದರೆ ಆ ರಾತ್ರಿ ಪಕ್ಕದಲ್ಲಿ ಮಲಗಿ, ಅವನ ಎದೆಯ ಸಿಳ್ಳನ್ನು ಕೇಳುತ್ತ ನನಗೆ ನಿದ್ರೆ ಹತ್ತಲಿಲ್ಲ. ಬೆಳಗಾಗೆದ್ದು ಕಿಟಕಿಗಳನ್ನೆಲ್ಲ ತೆರೆಸಿದೆ; ಹುಡುಗನ ಹಾಸಿಗೆಯನ್ನು ಆಚೆ ಕೋಣೆಗೆ ಸಾಗಿಸಿದೆ. ಸೊಸೆ, “ಮಾವಾರ, ಹೊಸ ಮನಿ ವಾಸನಿ ಅಂತ ನಾವು ತಿಳಕೊಂಡಿದ್ವಿ” ಎಂದಳು. ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ಹೊಸದರ ವಾಸನೆಯೆಂದರೆ ನಮಗೆ ಸಂಭ್ರಮ.

ಫಾರ್ಮಲಿನ್ ಎಂದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರಾವಣ. ಅದಕ್ಕೂ ಮಗನ ಕೋಣೆಯ ನೆಲಕ್ಕೂ ಏನು ನಂಟು? ನಂಟು ಅಂಟಿನದು. ಅಂಗಡಿಯಲ್ಲಿ ಮರದ ನೆಲವೆಂದು ಮಾರುವ ಅಗ್ಗದ ಹಲಗೆಗಳಲ್ಲಿ ಬಹುಪಾಲು ಹಲಗೆಗಳು ಹಲಗೆಗಳೇ ಅಲ್ಲ. ಮರವನ್ನು ನಾರುನಾರಾಗಿ ಅರೆದು, ಅಂಟು ಕಲಸಿ, ಬಿಸಿಯಲ್ಲಿ ಒತ್ತಿ, ಅದರ ಮೇಲೆ ತೇಗದ ಭಾವಚಿತ್ರವಿರುವ ಒಂದು ಕಾಗದವನ್ನು ಹೊದಿಸಿ, ಮೇಲೊಂದು ಪಾರದರ್ಶಕ ಕವಚವಿಟ್ಟು ಮಾಡಿದ ವಸ್ತು ಅದು. ಲ್ಯಾಮಿನೇಟ್ ಎಂದು ಅದರ ಹೆಸರು. ಅದರ ಒಡಲಲ್ಲಿರುವ ಅಂಟು ಸಾಮಾನ್ಯವಾಗಿ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಬೆಸೆದು ತಯಾರಿಸಿದ್ದು. ಯೂರಿಯಾ ಎಂದರೆ ನಮ್ಮ ಕಬ್ಬಿನ ಹೊಲಗಳಿಗೆ ಚೆಲ್ಲುವ ಅದೇ ಯೂರಿಯಾ. ರೈತರಿಗಾಗಿ ಸರಕಾರ ಅಗ್ಗದ ದರದಲ್ಲಿ ಕೊಡುವ ಗೊಬ್ಬರ ಪ್ಲೈವುಡ್ ಅಂಟಿನ ಕಡಾಯಿಗಳಿಗೆ ಕಳ್ಳದಾರಿಯಲ್ಲಿ ಹರಿಯುತ್ತಿದ್ದುದು ಗುಟ್ಟಿನ ಸಂಗತಿಯೇನಲ್ಲ. 2015ರಲ್ಲಿ ದೇಶದ ರೈತಬಳಕೆಯ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾದುದಕ್ಕೆ ಇದೂ ಒಂದು ಕಾರಣ.

ಈ ಅಂಟು ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ಅದರ ದೋಷವೆಂದರೆ ಅದು ಕೊಟ್ಟ ಮಾತಿಗೆ ನಿಲ್ಲುವುದಿಲ್ಲ. ತೇವ ತಗುಲಿದರೆ, ಶಾಖ ಏರಿದರೆ ಅದರ ಕಟ್ಟು ಒಂದಿಷ್ಟಿಷ್ಟೇ ಬಿಚ್ಚಿಕೊಂಡು ಅನಿಲವನ್ನು ಹೊರಬಿಡುತ್ತದೆ. ಮೊದಲ ತಿಂಗಳುಗಳಲ್ಲಿ ಹೆಚ್ಚು. ಆಮೇಲೆ ಕಡಿಮೆಯಾಗುತ್ತ ವರ್ಷಗಟ್ಟಲೆ. ಕಣ್ಣು ಮೂಗುಗಳ ಉರಿ, ಕೆಮ್ಮು, ಉಬ್ಬಸವಿದ್ದವರಿಗೆ ಉಲ್ಬಣ, ಇವು ತತ್ಕ್ಷಣದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು ನಿರ್ಣಯಿಸಿ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಅರ್ಧ ಗಂಟೆಯ ಸರಾಸರಿಯಾಗಿ ಘನಮೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ಅದೇ ಸಂಸ್ಥೆಯ 2010ರ ಮಾರ್ಗಸೂಚಿ ಹೇಳುತ್ತದೆ.

ಅಮೆರಿಕದಲ್ಲಿ 2005ರ ಕತ್ರಿನಾ ಬಿರುಗಾಳಿ ಮನೆಮಠಗಳನ್ನು ಕಿತ್ತೊಯ್ದಾಗ ಸರಕಾರ ನಿರಾಶ್ರಿತರಿಗೆ ಗಾಲಿಯ ಮೇಲಿನ ಪುಟ್ಟ ಮನೆಗಳನ್ನು ಕೊಟ್ಟಿತು. ಅವುಗಳ ಗೋಡೆ, ನೆಲ, ಕಪಾಟುಗಳೆಲ್ಲ ಇಂಥ ಅಂಟಿನ ಹಲಗೆಗಳವೇ. ಮಕ್ಕಳು ಕೆಮ್ಮಿದರು, ದೊಡ್ಡವರ ಕಣ್ಣು ಉರಿದವು. ಕೊನೆಗೆ ಅಲ್ಲಿನ ಆರೋಗ್ಯ ಇಲಾಖೆಯವರು 519 ಮನೆಗಳ ಗಾಳಿಯನ್ನು ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟರು: ಸರಾಸರಿ ನೂರು ಕೋಟಿ ಪಾಲು ಗಾಳಿಯಲ್ಲಿ 77 ಪಾಲು ಫಾರ್ಮಾಲ್ಡಿಹೈಡ್. ಪರೀಕ್ಷೆ ನಡೆದದ್ದು ಚಳಿಗಾಲದಲ್ಲಿ. ಬೇಸಗೆಯಲ್ಲಿ ಇನ್ನೂ ಹೆಚ್ಚಿದ್ದೀತೆಂದು ಅವರೇ ಹೇಳಿದರು. ಪ್ರವಾಹದಿಂದ ಉಳಿದು ಬಂದವರಿಗೆ ಕೊಟ್ಟ ಆಸರೆಯೇ ಹೀಗಾದದ್ದನ್ನು ಓದಿದಾಗ ನನಗೆ ನಮ್ಮ ನದಿದಂಡೆಯ ಹಳ್ಳಿಗಳು ನೆನಪಾದವು. ಆ ಮಾತು ಮುಂದೆ ಬರುತ್ತದೆ.

ಈಗ ಪೆಟ್ಟಿಗೆಗಳ ಮೇಲೆ ‘ಇ-1’ ಎಂಬ ಗುರುತನ್ನು ಮುದ್ರಿಸುತ್ತಾರೆ. ಅದು ಯುರೋಪಿನ ದರ್ಜೆ. ಮುಚ್ಚಿದ ಪರೀಕ್ಷಾಕೋಣೆಯಲ್ಲಿಟ್ಟ ಹಲಗೆಯಿಂದ ಹೊರಟ ಅನಿಲ ಘನಮೀಟರಿಗೆ 0.124 ಮಿಲಿಗ್ರಾಂ ಮೀರಬಾರದೆಂದು ಅದರರ್ಥ. ಗುರುತಿಲ್ಲದ ಸರಕಿಗಿಂತ ಗುರುತಿರುವ ಸರಕು ಮೇಲು, ಸಂಶಯವಿಲ್ಲ. ಆದರೆ ಆ ಪರೀಕ್ಷಾಕೋಣೆಯ ಉಷ್ಣತೆಯೆಷ್ಟು ಗೊತ್ತೇ? 23 ಡಿಗ್ರಿ. ಮುಧೋಳದ ವೈಶಾಖ 23 ಡಿಗ್ರಿಯನ್ನು ಕನಸಿನಲ್ಲಿಯೂ ಕಂಡಿಲ್ಲ! ಹೊರಗೆ 40ರ ಆಚೆಗೆ ಹೋದಾಗ, ಕಾದ ಸ್ಲ್ಯಾಬಿನ ಕೆಳಗಿನ ಮುಚ್ಚಿದ ಕೋಣೆಯಲ್ಲಿ ಅದೇ ಹಲಗೆ ಏನು ಮಾಡೀತೆಂಬುದನ್ನು ಪೆಟ್ಟಿಗೆಯ ಮೇಲಿನ ಗುರುತು ಹೇಳುವುದಿಲ್ಲ. ತಂಪು ದೇಶದ ತಕ್ಕಡಿಯಲ್ಲಿ ತೂಗಿದ್ದನ್ನು ನಾವು ಬಿಸಿಲಿನಲ್ಲಿ ಹರಡಿಕೊಳ್ಳುತ್ತಿದ್ದೇವೆ. 2015ರಲ್ಲಿ ಅಮೆರಿಕದ ದೂರದರ್ಶನವೊಂದು, ಹೊರದೇಶದಿಂದ ತರಿಸಿ ಅಲ್ಲಿ ಮಾರುತ್ತಿದ್ದ ಲ್ಯಾಮಿನೇಟಿನ ಮೇಲಿನ ಗುರುತಿಗೂ ಒಳಗಿನ ಸತ್ಯಕ್ಕೂ ಹೊಂದಿಕೆಯಿಲ್ಲವೆಂದು ತೋರಿಸಿ ದೊಡ್ಡ ಗದ್ದಲವನ್ನೇ ಎಬ್ಬಿಸಿತ್ತು. ಹಾಗಾಗಿ ಗುರುತನ್ನು ನಂಬಿ, ಆದರೆ ಮೂಗನ್ನು ಮರೆಯಬೇಡಿ. ಮಾದರಿಯ ತುಂಡೊಂದನ್ನು ಅಂಗಡಿಯಿಂದ ತಂದು, ಗಾಜಿನ ಭರಣಿಯಲ್ಲಿ ಹಾಕಿ ಮುಚ್ಚಿ, ಒಂದು ಹಗಲು ಬಿಸಿಲಿಗಿಟ್ಟು, ಸಂಜೆ ಮುಚ್ಚಳವನ್ನು ತುಸುವೇ ಸರಿಸಿ ನೋಡಿ. ಇದು ಪ್ರಯೋಗಾಲಯದ ಅಳತೆಯಲ್ಲ. ವಾಸನೆ ಬಾರದಿದ್ದರೆ ನಿರ್ದೋಷಿಯೆಂದು ತೀರ್ಪು ಕೊಡಲಾಗದು. ಕಣ್ಣಿಗೆ ಚುಚ್ಚಿದರೆ ಮಾತ್ರ ತೀರ್ಪು ಕೊಡಬಹುದು.

ಪ್ಲೈವುಡ್ಡಿನ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಅಗ್ಗದ ‘ಎಂ.ಆರ್.’ ದರ್ಜೆಯದರಲ್ಲಿ ಸಾಮಾನ್ಯವಾಗಿ ಯೂರಿಯಾದ ಅಂಟು. ನೀರಿಗೆ ಹೆದರದ ದರ್ಜೆಗಳಲ್ಲಿ, ಐ.ಎಸ್. 710 ಎಂಬ ಗುರುತಿನದರಲ್ಲಿ, ಫಿನಾಲಿನ ಅಂಟು. ಎರಡನೆಯದರ ಕಟ್ಟು ಗಟ್ಟಿ, ಅದು ಹೊರಬಿಡುವ ಅನಿಲ ಬಹಳ ಕಡಿಮೆ. ಕಬ್ಬಿನ ಸಿಪ್ಪೆಯಿಂದಲೂ ಹಲಗೆ ಮಾಡುತ್ತಾರೆ. ನಮ್ಮ ತಿಮ್ಮಾಪುರ ಹೊರಗಿನವರಿಗೆ ಪರಿಚಯವಾಗಿರುವುದೇ ಕವಿ ರನ್ನನ ಹೆಸರಿನ ಸಕ್ಕರೆ ಕಾರ್ಖಾನೆಯಿಂದ. ಸಿಪ್ಪೆಯ ಹಲಗೆಯೆಂದರೆ ನಮಗೆ ಅಭಿಮಾನ ಉಕ್ಕಬೇಕಾದುದೇ. ಸಿಪ್ಪೆ ನಿರಪರಾಧಿ. ವಿಚಾರಣೆಗೆ ಕರೆಯಬೇಕಾದುದು ಅಂಟನ್ನು.

ಇಷ್ಟೆಲ್ಲ ತಾಪತ್ರಯವಿದ್ದಮೇಲೆ ಮರದ ನೆಲವಾದರೂ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾವಿರುವುದು ಕಲ್ಲಿನ ಸೀಮೆಯಲ್ಲಿ. ಲೋಕಾಪುರ ಬಾಗಲಕೋಟೆಗಳ ಸುಣ್ಣಗಲ್ಲು, ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟು, ಸ್ವಲ್ಪ ದೂರದಿಂದ ಬರುವ ಶಹಾಬಾದದ ಫರಸಿ, ಇವೆಲ್ಲ ಕೈಗೆಟಕುವಂತಿರುವಾಗ ನೆಲಕ್ಕೆ ಮರ ಹಾಸುವುದು ಈ ಕಡೆಯ ರೂಢಿಯೇ ಅಲ್ಲ. ಮಣ್ಣಿನ ನೆಲ ಬಡಿದು ಸೆಗಣಿಯಿಂದ ಸಾರಿಸಿದ ಪಡಸಾಲೆಯಲ್ಲಿ ಬೆಳೆದವನು ನಾನು. ಆಮೇಲೆ ಫರಸಿ ಬಂತು. ಬೇಸಗೆಯಲ್ಲಿ ಫರಸಿಯ ಮೇಲೆ ಬರಿಮೈಯಲ್ಲಿ ಹೊರಳುವ ಸುಖಕ್ಕೆ ಸಮನಾದುದು ಬೇರಿಲ್ಲ. ಫರಸಿ ಯಾವ ಅನಿಲವನ್ನೂ ಬಿಡುವುದಿಲ್ಲ, ಅದಕ್ಕೆ ಹುಳು ಹತ್ತುವುದಿಲ್ಲ. ಆದ್ದರಿಂದ ನೆಲಮಟ್ಟದ ಕೋಣೆಗಳಿಗೆ ಕಲ್ಲೇ ಮೇಲೆಂದು ನನ್ನ ಖಚಿತವಾದ ಅಭಿಪ್ರಾಯ. ಎರೆಮಣ್ಣಿನ ಮೇಲೆ ಮರ ಹಾಸಿದರೆ ಅದು ಒರಲಿಗೆ ಬಡಿಸಿಟ್ಟ ಎಲೆ. ಒರಲಿಯನ್ನು ಓಡಿಸಲೆಂದು ಕೆಳಗೆ ವಿಷ ಸುರಿದರೆ ನಾವು ತಪ್ಪಿಸಿಕೊಳ್ಳಬೇಕೆಂದುದನ್ನೇ ಕೈಹಿಡಿದು ಒಳಗೆ ಕರೆದಂತಾಯಿತು.

ಆದರೆ ನನ್ನ ತಾಯಿಗೆ ಎಂಬತ್ತು ದಾಟಿದೆ. ಮಾಗಿಯ ಬೆಳಗಿನಲ್ಲಿ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ, “ತಮ್ಮಾ, ಈ ಫರಸಿ ಎಲುಬಿನಾಗ ಥಂಡಿ ಹಾಕತೈತಿ ನೋಡು” ಎನ್ನುತ್ತಾಳೆ. ಒಂದೇ ಕೋಣೆಯಲ್ಲಿರುವ ಕಲ್ಲಿಗೂ ಹಲಗೆಗೂ ಉಷ್ಣತೆ ಒಂದೇ. ಕಲ್ಲು ಪಾದದ ಶಾಖವನ್ನು ಗಬಗಬನೆ ಹೀರುತ್ತದೆ, ಮರ ಸಾವಕಾಶವಾಗಿ ಹೀರುತ್ತದೆ, ಅಷ್ಟೇ ಭೇದವೆಂದು ಪಾಠ ಮಾಡಬಹುದಿತ್ತು. ಮಾಡಲಿಲ್ಲ. ಇನ್ನು ಮೊಮ್ಮಗ ರಜೆಗೆ ಬಂದಾಗ ಮಹಡಿಯ ಕೋಣೆಯಲ್ಲೇ ಅವನ ವಾಸ. ಅಲ್ಲಿ ಒರಟು ಸಿಮೆಂಟು, ಎಷ್ಟು ಗುಡಿಸಿದರೂ ಏಳುವ ಧೂಳು. ಹೀಗೆ ಎರಡು ಬೇಡಿಕೆಗಳು, ಮೇಲೊಂದು ಪಿಂಚಣಿ. ಮಹಡಿಯ ಕೋಣೆಗೆ ಪೂರ್ತಿ ಹಲಗೆ, ಅವ್ವನ ಮಂಚದ ಮಗ್ಗುಲಿಗೆ ಫರಸಿಯ ಮೇಲೆಯೇ ಎತ್ತಿ ಇಡಬಹುದಾದ ಒಂದು ಹಲಗೆಯ ಹಾಸು ಎಂದು ತೀರ್ಮಾನಿಸಿದೆ. ಇಡೀ ಮನೆಗೆ ಅಗ್ಗದ ಸರಕು ಹಾಸುವುದಕ್ಕಿಂತ ಕಾಲು ಬೀಳುವ ಜಾಗಕ್ಕೆ ಮಾತ್ರ ಒಳ್ಳೆಯ ಸರಕು ಹಾಸುವುದು ಲೇಸು. ಜಂಭಕ್ಕೆ ಇದು ಒಗ್ಗದು, ಕಿಸೆಗೆ ಒಗ್ಗುತ್ತದೆ.

ಕೋಣೆ ಹನ್ನೆರಡು ಅಡಿಗೆ ಹತ್ತು, ಅಂದರೆ 120 ಚದರಡಿ. ಅಂಗುಲ ದಪ್ಪದ ಹಲಗೆಯಾದರೆ 10 ಘನ ಅಡಿ ಮರ. ಕೊಯ್ತ, ಕೀಸುಳಿ, ತುಂಡುತುಣುಕುಗಳಲ್ಲಿ ಹೋಗುವ ಐದನೆಯ ಒಂದು ಪಾಲನ್ನು ಸೇರಿಸಿದರೆ 12. ದಾಂಡೇಲಿ ಕಡೆಯ ಹೊಸ ಸಾಗವಾನಿಯ ಬೆಲೆ ಕೇಳಿ ಬಂದೆ; ಕೇಳಿದ್ದಕ್ಕೆ ಹಣ ಕೊಡಬೇಕಾಗಿರಲಿಲ್ಲ ಎಂಬುದೊಂದೇ ಸಮಾಧಾನ. ಹೊಲದ ಬದುವಿನಲ್ಲಿ ಬೆಳೆಸಿದ ಎಳೆಯ ಸಾಗವಾನಿ ಅಗ್ಗಕ್ಕೆ ಸಿಗುತ್ತದೆ. ಆದರೆ ಎಳೆಯ ಮರದಲ್ಲಿ ಕೆಚ್ಚು ಕಡಿಮೆ, ಸುತ್ತಲಿನ ಬಿಳಿಯ ಭಾಗವೇ ಹೆಚ್ಚು. ಸಾಗವಾನಿಯ ಕೀರ್ತಿಯೆಲ್ಲ ಕೆಚ್ಚಿಗೆ ಸಲ್ಲಬೇಕಾದುದು. ಬಿಳಿಯ ಭಾಗವನ್ನು ಹುಳು ಬೇರೆ ಮರದಂತೆಯೇ ತಿನ್ನುತ್ತದೆ.

ಉಳಿದದ್ದು ಹಳೆಯ ಮರ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೂ ಕೃಷ್ಣೆ ಘಟಪ್ರಭೆಗಳ ದಂಡೆಯ ಹಳ್ಳಿಗಳಿಗೂ ಏರಿದ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ಬಿಚ್ಚಿದ ಮನೆಗಳ ಮರಕ್ಕೆ ಒಂದು ಪೇಟೆಯೇ ಹುಟ್ಟಿಕೊಂಡಿತು. ಆಮೇಲೆ 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಾವಿರಾರು ಮಣ್ಣಿನ ಮನೆಗಳು ಕುಳಿತುಬಿಟ್ಟವು. ಗೋಡೆ ಕರಗಿ ಹೋಯಿತು, ಮಾಳಿಗೆಯ ಮಣ್ಣು ಕುಸಿಯಿತು. ಉಳಿದದ್ದು ತೊಲೆ, ಕಂಬ, ಜಂತಿ. ಹಳೆಯ ಸರಕಿನ ವ್ಯಾಪಾರಿಯೊಬ್ಬನ ಅಂಗಳದಲ್ಲಿ ನಾನು ಆರಿಸಿದ ನಾಲ್ಕು ಸಾಗವಾನಿ ತೊಲೆಗಳು ಅಂಥದೊಂದು ಮನೆಯವು. ಚೌಕಾಸಿ ಮಾಡಿದೆ, ಗೆದ್ದೆ. ಗಾಡಿಗೆ ಹೇರುವಾಗ ಒಂದು ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇನ್ನೂ ಇತ್ತು. ಆ ಮನೆಯವರಿಗೆ ಇದಕ್ಕೆ ಎಷ್ಟು ಕೊಟ್ಟೆಯೆಂದು ವ್ಯಾಪಾರಿಯನ್ನು ಕೇಳಿದೆ. ಅವನು ಹೇಳಿದ ಮೊತ್ತವನ್ನು ಇಲ್ಲಿ ಹೇಳಲಾರೆ. ನಾನು ಕೊಟ್ಟದ್ದರ ಕಾಲುಭಾಗಕ್ಕೂ ಕಡಿಮೆ. ಮಂಡಿಯವರೆಗೆ ನೀರು ನಿಂತಾಗ ಯಾರೂ ಬೆಲೆ ಕೇಳುವುದಿಲ್ಲ. ಹಳೆಯ ಮರ ಕೊಳ್ಳುವವರು ಸಾಧ್ಯವಾದರೆ ನೇರವಾಗಿ ಮನೆಯವರಿಂದಲೇ ಕೊಳ್ಳಿರೆಂದು ನಾನು ಕೇಳಿಕೊಳ್ಳುತ್ತೇನೆ. ನಾನು ಹಾಗೆ ಮಾಡಲಿಲ್ಲ.

ಹಳೆಯ ಮರಕ್ಕೆ ಗುಣಗಳು ಹಲವು. ಅದು ಒಣಗಿ, ಹಿಗ್ಗಿ ಕುಗ್ಗಿ, ತನ್ನ ಹಟವನ್ನೆಲ್ಲ ಮುಗಿಸಿರುತ್ತದೆ; ಅದರಲ್ಲಿ ಅಂಟಿಲ್ಲ. ಆದರೆ ಹಳೆಯದೆಲ್ಲ ಶುದ್ಧವೆಂಬ ನಂಬಿಕೆ ಬೇಡ. ರೈಲುಹಳಿಯ ಕೆಳಗಿನ ಹಳೆಯ ದಿಮ್ಮಿಗಳು ಅಗ್ಗವೆಂದು ಕೆಲವರು ಮನೆಗೆ ತರುತ್ತಾರೆ. ಅವಕ್ಕೆ ಕಲ್ಲಿದ್ದಲ ಟಾರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆಯನ್ನು ಒಡಲಿನ ತನಕ ಕುಡಿಸಿರುತ್ತಾರೆ; ಅಂಥ ದಿಮ್ಮಿ ಮನೆಯೊಳಗಿನ ಹಾಸಿಗೆಯ ಹತ್ತಿರಕ್ಕೆ ಬರಬಾರದು. ಗಾಡಿಯ ಎಂಜಿನ್ನಿನಿಂದ ಬಸಿದ ಸುಟ್ಟೆಣ್ಣೆ ಬಳಿದ ತೊಲೆ, ಡಾಂಬರು ಮೆತ್ತಿದ ತುದಿ, ಇವನ್ನೂ ಬಿಡಿ. ಧಾನ್ಯದ ಕೋಣೆಯ ಮರವಾಗಿದ್ದರೆ ಬಿ.ಎಚ್.ಸಿ. ಪುಡಿಯನ್ನು ಎರಚಿರಬಹುದೇ ಎಂದು ವಿಚಾರಿಸಿ. ಆ ಪುಡಿಯನ್ನು ಸರಕಾರ 1997ರಲ್ಲಿ ನಿಷೇಧಿಸಿತು, ಮರಕ್ಕೆ ಆ ಸುದ್ದಿ ಮುಟ್ಟಿರುವುದಿಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದುದು ಹಳೆಯ ಬಣ್ಣದ ವಿಷಯದಲ್ಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಬಾಗಿಲು ಕಂಬಗಳ ಹಸಿರು, ಹಳದಿ, ಕೆಂಪು ಬಣ್ಣಗಳನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಿದರೆ, ಬೆಂಕಿ ಹಿಡಿದು ಸುಟ್ಟರೆ, ಆ ಸೀಸ ಮಕ್ಕಳ ಮೈ ಸೇರುತ್ತದೆ. ಬಣ್ಣವಿಲ್ಲದ ಮರವನ್ನೇ ಆರಿಸುವುದು ಸುಲಭದ ದಾರಿ.

ನನ್ನ ತೊಲೆಗಳಿಗೆ ಬಣ್ಣವಿರಲಿಲ್ಲ, ಹೊಗೆಯ ಮಸಿ ಮಾತ್ರ. ಆದರೆ ಮೊಳೆಗಳಿದ್ದವು. ಕೊಯ್ಯುವ ಗಿರಣಿಯವನು ನೋಡಿದೊಡನೆ ಕೈಮುಗಿದ. ಒಂದು ಮೊಳೆ ಸಿಕ್ಕರೆ ಅವನ ಗರಗಸದ ಹಲ್ಲು ಹೋದವು. ನಮ್ಮ ಬಡಿಗೇರ ಮೂರು ದಿನ ಕೂತು ಒಂದೊಂದನ್ನೇ ಕಿತ್ತ. “ಮಾಸ್ತರ, ಹೊಸಾ ಕಟಿಗಿ ತಂದಿದ್ರ ಇಷ್ಟೊತ್ತಿಗೆ ಕೆಲಸಾ ಮುಗೀತಿತ್ರಿ” ಎಂದ. ಆ ಮೂರು ದಿನದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದರೂ ಹೊಸ ಸಾಗವಾನಿಗಿಂತ ಬಹಳ ಕಡಿಮೆಗೇ ನಿಂತಿತು. ಅಂಗಡಿಯ ಲ್ಯಾಮಿನೇಟಿಗಿಂತ ತುಸು ಹೆಚ್ಚಾಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಅಂಚುಗಳಲ್ಲಿ ಉಳಿದ ಬಿಳಿಯ ಭಾಗವನ್ನು ಬಿಳಿಗಾರ ಮತ್ತು ಬೋರಿಕ್ ಆಮ್ಲ ಕದಡಿದ ನೀರಿನಲ್ಲಿ ನೆನೆಸಿ ಒಣಗಿಸಿದೆವು. ಹುಳುವಿಗೆ ಇದು ವಿಷ, ಗಾಳಿಗೆ ಏರುವಂಥದಲ್ಲ. ಆದರೆ ನೀರಿಗೆ ತೊಳೆದುಹೋಗುತ್ತದೆ, ಮಕ್ಕಳ ಬಾಯಿಗೆ ಹೋಗಬಾರದು, ಕಲಸುವಾಗ ಕೈಚೀಲ ಬೇಕು. ಕೀಸುವಾಗ ಬಡಿಗೇರನಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳೆಂದು ಹೇಳಿದೆ; ಅವನು ನಕ್ಕ. ಮರದ ಧೂಳನ್ನೂ ಅದೇ ಕ್ಯಾನ್ಸರ್ ಸಂಸ್ಥೆ 1995ರಲ್ಲಿಯೇ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ಮನೆಯ ಗಾಳಿ ಶುದ್ಧವಾಗಲೆಂದು ಅವನ ಎದೆ ಕೆಡಿಸುವುದು ಯಾವ ನ್ಯಾಯ? ಎರಡನೆಯ ದಿನ ಒದ್ದೆ ವಸ್ತ್ರ ನಾನೇ ಕಟ್ಟಿಕೊಂಡು ಎದುರಿಗೆ ಕೂತೆ, ಆಗ ಕಟ್ಟಿಕೊಂಡ.

ಸ್ಲ್ಯಾಬಿನ ಮೇಲೆ ರೀಪುಗಳನ್ನು ಜೋಡಿಸಿ, ಒಂದು ಹಲಗೆಯ ಅಂಚಿನ ನಾಲಿಗೆ ಇನ್ನೊಂದರ ಗಾಡಿಯೊಳಗೆ ಕೂಡುವಂತೆ ಮಾಡಿ ಮೊಳೆ ಹೊಡೆದದ್ದಾಯಿತು. ಅಂಟಿನ ಹನಿಯನ್ನೂ ಮುಟ್ಟಲಿಲ್ಲ. ಗೋಡೆಯುದ್ದಕ್ಕೂ ಅರ್ಧ ಅಂಗುಲ ಬಿಟ್ಟೆವು. ಮರ ಎಷ್ಟು ಹಳೆಯದಾದರೂ ಮಳೆಗಾಲದಲ್ಲಿ ಒಂದಿಷ್ಟು ಉಸಿರೆಳೆದುಕೊಳ್ಳುತ್ತದೆ.

ಇನ್ನು ಮೇಲಿನ ಲೇಪ. ಅಂಗಡಿಯವರು ತೋರಿಸುವುದು ಪಾಲಿಯುರಿಥೇನ್. ಒಣಗಿ ಗಟ್ಟಿಯಾದ ಮೇಲೆ ಅದು ಸಾಧು. ಒಣಗುವ ತನಕ ಅದರ ದ್ರಾವಕಗಳ ಘಾಟು ತಲೆ ತಿರುಗಿಸುತ್ತದೆ. ನೀರಿನಲ್ಲಿ ಕಲಸುವ ಜಾತಿಯದು ಮೇಲು, ಬೆಲೆಯೂ ಮೇಲು. ಅರಗೂ ಇದೆ. ಪಾಂಡವರನ್ನು ಸುಡಲೆಂದು ಬಳಸಿದ ಆ ಅರಗಿನ ಹೆಸರನ್ನು ಉಳಿಸಿದವರು ನಮ್ಮ ಚನ್ನಪಟ್ಟಣದವರು. ಆಲೆಮರದ ಗೊಂಬೆಯನ್ನು ತಿರುಗಿಸುತ್ತ ಅದಕ್ಕೆ ಅರಗಿನ ಬಣ್ಣವನ್ನು ಒತ್ತಿ, ಕೇದಗೆಯ ಎಲೆಯಿಂದ ಹೊಳಪು ಕೊಟ್ಟು, ಕೂಸಿನ ಬಾಯಿಗೇ ಕೊಡುವಂಥ ಆಟಿಕೆ ಮಾಡುತ್ತಾರೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಅದೇ ಬಡಿಗೇರರ ಪಾಲಿಶು. ಕಪಾಟಿಗೆ, ತೊಟ್ಟಿಲಿಗೆ ಚೆನ್ನ. ನೆಲಕ್ಕೆ ಅಷ್ಟು ಹೊಂದದು, ನೀರು ಬಿದ್ದಲ್ಲಿ ಬೆಳ್ಳಗಾಗುತ್ತದೆ. ಕರಾವಳಿಯಲ್ಲಿ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಗಿಡದಿಂದ ಬಂದದ್ದೆಲ್ಲ ಸೌಮ್ಯವೆಂದು ತಿಳಿದವರು ಅದನ್ನು ಒಮ್ಮೆ ಕೈಗೆ ತಾಗಿಸಿಕೊಂಡರೆ ಬೊಬ್ಬೆಯೆದ್ದು ಪಾಠ ಕಲಿಯುತ್ತಾರೆ.

ನಾನು ಆರಿಸಿದ್ದು ಅಗಸೆಯ ಎಣ್ಣೆ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಯ ಜೋಳ ಕಡಲೆಗಳ ಮಗ್ಗುಲಲ್ಲಿ ನೀಲಿ ಹೂ ಬಿಡುವ ಅಗಸೆ. ಎಲ್ಲ ಎಣ್ಣೆಗಳೂ ಒಣಗುವುದಿಲ್ಲ. ಶೇಂಗಾದೆಣ್ಣೆ ಬಳಿದರೆ ವರ್ಷವಾದರೂ ಜಿಡ್ಡು ಜಿಡ್ಡೇ. ಅಗಸೆಯ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಮರದ ರಂಧ್ರಗಳೊಳಗೆಯೇ ಗಟ್ಟಿಯಾಗುತ್ತದೆ. ಕುಸುಬೆಯೆಣ್ಣೆಯೂ ಅರೆಮಟ್ಟಿಗೆ ಒಣಗುವ ಜಾತಿಯದೇ. ಅಂಗಡಿಯಲ್ಲಿ ಸಿಗುವ ‘ಡಬಲ್ ಬಾಯಿಲ್ಡ್’ ಎಣ್ಣೆ ಬೇಗ ಒಣಗುತ್ತದೆ, ಏಕೆಂದರೆ ಅದರಲ್ಲಿ ಕೋಬಾಲ್ಟ್, ಮ್ಯಾಂಗನೀಸ್ ಮುಂತಾದ ಲೋಹಗಳ ಲವಣ ಸೇರಿಸಿರುತ್ತಾರೆ. ಹಿಂದೆ ಸೀಸವನ್ನೂ ಸೇರಿಸುತ್ತಿದ್ದರು. ನಾನು ಗಾಣದಿಂದ ಹಸಿ ಎಣ್ಣೆಯನ್ನೇ ತಂದೆ. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ಡಬ್ಬಿಯನ್ನಿಟ್ಟು ಬೆಚ್ಚಗೆ ಮಾಡಿ, ಬಟ್ಟೆಯಿಂದ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸದಿದ್ದರೆ ಬೆಲ್ಲದ ಪಾಕದಂತೆ ಅಂಟುತ್ತದೆ. ಮೂರು ಕೈ ಹಚ್ಚಿದೆವು; ಒಂದರಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ದಿನ. ಅವಸರವಿದ್ದವರಿಗೆ ಈ ದಾರಿ ಅಲ್ಲ. ವರ್ಷಕ್ಕೊಮ್ಮೆ ಮತ್ತೆ ಒಂದು ಕೈ ಬೇಕು, ಬಣ್ಣ ಬರಬರುತ್ತ ಕಂದಾಗುತ್ತದೆ, ನಿಂತ ನೀರನ್ನು ಅದು ತಾಳದು.

ಒಂದು ಅಪಾಯವನ್ನು ಮಾತ್ರ ಬಿಟ್ಟುಬಿಡುವಂತಿಲ್ಲ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಹರಡಿದ ಹಲಗೆಯ ಮೇಲೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಎಣ್ಣೆಬಟ್ಟೆಯಲ್ಲಿ ಅದು ಹೊರಗೆ ಹೋಗಲು ದಾರಿಯಿಲ್ಲದೆ ಕೂಡುತ್ತ ಕೂಡುತ್ತ, ಕಡ್ಡಿ ಗೀರುವವರಿಲ್ಲದೆಯೂ, ಬೆಂಕಿ ಹತ್ತಿಕೊಳ್ಳುತ್ತದೆ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಕಟ್ಟಡವೊಂದು ಉರಿದುಹೋದದ್ದು ಮರದ ಕೆಲಸದವರು ಬಿಟ್ಟುಹೋದ ಅಗಸೆಯೆಣ್ಣೆಯ ಚಿಂದಿಗಳಿಂದ. ಬೆಂಕಿ ಆರಿಸಲು ಹೋದ ಮೂವರು ಸತ್ತರು. ಅರಗಿನ ಮನೆಯಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಸುಟ್ಟುಕೊಳ್ಳಬಾರದಲ್ಲ! ನಮ್ಮಲ್ಲಿ ಪ್ರತಿ ಸಂಜೆ ಆ ಬಟ್ಟೆಗಳನ್ನು ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಬೇಲಿಯ ಮೇಲೆ ಒಂದೊಂದಾಗಿ ಹರಡಿದೆವು. ದಾರಿಯಲ್ಲಿ ಹೋಗುವವರು, ಮಾಸ್ತರ ಚಿಂದಿ ಒಣಹಾಕ್ಯಾರ ಎಂದು ಆಡಿಕೊಂಡರು.

ಕೆಲಸವೆಲ್ಲ ಮುಗಿದ ಮೇಲೆ ಮೊಮ್ಮಗನನ್ನು ಒಳಗೆ ಬಿಡುವ ಮುನ್ನ ಒಂದು ತಿಂಗಳು ಮಹಡಿಯ ಕಿಟಕಿಗಳನ್ನು ತೆರೆದೇ ಇಟ್ಟಿದ್ದೆ. ಅಗಸೆಗೂ ತನ್ನದೇ ಆದ ಒಂದು ವಾಸನೆಯುಂಟು, ಅದೂ ಕೆಲವರಿಗೆ ಆಗದು. ಹುಡುಗ ರಜೆಗೆ ಬಂದ. ತೊಟ್ಟಿಲಿನ ಕೊಂಡಿ ಕಳೆದ ತೂತು ಬಾಗಿಲ ಬಳಿಯ ಹಲಗೆಯಲ್ಲಿ ಬಂದಿದೆ. ಅದರೊಳಗೆ ಗೋಲಿ ಉರುಳಿಸುವುದು ಅವನ ಆಟ. ಉಬ್ಬಸ ಪೂರ್ತಿ ಹೋಗಿಲ್ಲ. ಔಷಧಿಯ ಪಂಪು ದಿಂಬಿನ ಹತ್ತಿರವೇ ಇರುತ್ತದೆ. ಕಳೆದ ರಜೆಯಲ್ಲಿ ಅದನ್ನು ಎರಡು ರಾತ್ರಿ ಮಾತ್ರ ಬಳಸಬೇಕಾಯಿತು.

ಅವ್ವನ ಹಾಸನ್ನು ಮಂಚದ ಮಗ್ಗುಲಿಗೆ ಇಟ್ಟ ದಿನ ಬೆಳಗಿನಲ್ಲಿ ನಾನು ಕಾದು ನಿಂತಿದ್ದೆ. ಆಕೆ ಎದ್ದು ಕೂತಳು, ಒಂದು ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಕಾಲಿನ ಬಗ್ಗೆ ಏನೂ ಹೇಳಲಿಲ್ಲ. ಮೂಗನ್ನು ಅತ್ತ ಇತ್ತ ತಿರುಗಿಸಿ, “ತಮ್ಮಾ, ಯಾರರೆ ಅಗಸಿ ಹಿಂಡಿ ಕುಟ್ಟ್ಯಾರೇನ? ಒಂದು ರೊಟ್ಟಿ ಬಿಸಿ ಮಾಡಾಕ ಹೇಳು” ಎಂದಳು.